ಎಲ್ಲರಿಗೂ ಅಂಗಿ ಹಾಕಿಸಿದ ಉಸ್ತಾದರು

ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ನುಗ್ಗಿದ ಪೊಲೀಸ್ ಆಕ್ಷನ್ ಶುರುವಾಗುವ ಹಿಂದಿನ ದಿನ ಕಮಲಾಪುರದ ನಮ್ಮ ತಾಲೀಮಿನ ಗರಡಿಯಲ್ಲಿ ಹುಡುಗರೆಲ್ಲ ಅಂಗಿ ತೊಟ್ಟೇ ಕುಸ್ತಿಗೆ ಬಂದಿದ್ದರು. ಅದಕ್ಕೆ ಕಾರಣ ನಾನು.

ಮೀಸೆ ಮೂಡುವ ವಯಸ್ಸಿನಲ್ಲಿ ನನ್ನ ಎರಡೂ ಮೊಲೆತೊಟ್ಟುಗಳ ಹಿಂದೆ ಗಂಟು ಎದ್ದು, ಮುಟ್ಟಿದರೆ ನೋಯುತ್ತಿತ್ತು. "ಬಾಣಂತಿ ಬಂದಳ್ರೋ!" ಎಂದು ಹುಡುಗರು ನಗುತ್ತಿದ್ದರು. ಹಿಚುಕಿ ಕರಗಿಸಲು ನೋಡಿದೆ, ಬಟ್ಟೆ ಬಿಗಿದು ಕಟ್ಟಿದೆ, ಕಡೆಗೆ ತಾಲೀಮನ್ನೇ ಬಿಟ್ಟೆ.

ಕುಸ್ತಿ ಕಲಿಸುತ್ತಿದ್ದ ಉಸ್ತಾದರು ಮನೆಗೇ ಬಂದರು. ಮೀಸೆ ನೀವಿಕೊಂಡು "ಫಿಕರ್ ಮಾಡಬ್ಯಾಡ ಬೇಟಾ" ಎನ್ನುವುದು ಅವರ ರೂಢಿ. ನನ್ನನ್ನು ಕಲಬುರಗಿಯ ದವಾಖಾನೆಗೆ ಕರೆದೊಯ್ದರು.

ಡಾಕ್ಟರು ಒತ್ತಿ ನೋಡಿ, "ಈ ವಯಸ್ಸಿಗೆ ಭಾಳ ಹುಡುಗರಿಗೆ ಬರ್ತದ, ತಾನೇ ಹೋಗ್ತದ. ಹಿಚುಕಬ್ಯಾಡ. ಒಂದೇ ಕಡಿ ಗಟ್ಟಿಯಾಗಿ ಬೆಳದರ, ಇಲ್ಲಾ ರಕ್ತ ಬಂದರ ಮತ್ತ ಬಾ" ಎಂದರು.

"ಆದ್ರೂ ಎಲ್ಲಾರ ಮುಂದ ನಾ ಅಂಗಿ ತಗ್ಯಾಂಗಿಲ್ರೀ" ಎಂದೆ.

"ತಗೀಬ್ಯಾಡ. ಎಲ್ಲಾರಿಗೂ ಹಾಕಸ್ತೀನಿ" ಎಂದರು ಉಸ್ತಾದರು.

ಹಾಗೆಯೇ ಮಾಡಿದರು. ಕುಸ್ತಿಯಲ್ಲಿ ಅಂಗಿಗಳು ಒಂದೊಂದಾಗಿ ಹರಿದವು. ಆಕ್ಷನ್ನಿನ ಹಿಂದಿನ ಆ ದಿನ, ನನ್ನನ್ನು ಹೆಚ್ಚು ಕಾಡಿಸಿದವನೇ ಕೈ ಮುಗಿದ: "ನೀ ಮದಲ ತಗಿಯಲೇ! ಇನ್ನೊಂದ್ ಅಂಗಿ ಹರದರ ನಮ್ಮವ್ವ ನನ್ನ ಮನಿಯಾಗ ಬಿಟ್ಕೊಳ್ಳಂಗಿಲ್ಲ!"

ನಗು ತಡೆಯಲಾರದೆ ಅಂಗಿ ಕಳಚಿ ಮಣ್ಣಿಗಿಳಿದೆ. ಯಾರೂ ನನ್ನ ಎದೆಯತ್ತ ನೋಡಲಿಲ್ಲ. ಎಲ್ಲರೂ ತಮ್ಮ ತಮ್ಮ ಅಂಗಿ ಬಿಚ್ಚುವ ಅವಸರದಲ್ಲಿದ್ದರು.

ಆ ವಾರ ಮುಸಲ್ಮಾನರ ಮೇಲೆ ಎದ್ದ ಗಲಭೆಯಲ್ಲಿ ಉಸ್ತಾದರು ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟರು. ಮುಂದೆ ನನ್ನ ಗಂಟು ಕರಗಿತು, ನೋವೂ ಹೋಯಿತು. ಅವರು ಎಲ್ಲಿಗೆ ಹೋದರೆಂದು ಇವತ್ತಿಗೂ ನಮಗೆ ಯಾರಿಗೂ ಗೊತ್ತಿಲ್ಲ.