ಕರ್ತನಿಗೆ ಕೊಟ್ಟ ರಗ್ಗು

ಯೆರವಡಾದ ಕನ್ನಡ ಕ್ರೈಸ್ತ ಸಭೆಯಲ್ಲಿ ಕರುಣಾಬಾಯಿಯ ನಾಲಿಗೆಗೆ ಹೆದರದವರು ಕಡಿಮೆ. ಬೀದರ್ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದವಳು. ಗಂಡ ತೀರಿಕೊಂಡ ಮೇಲೆ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ಹೆಣ್ಣುಮಕ್ಕಳನ್ನು ದಡ ಸೇರಿಸಿದಳು. ನಿವೃತ್ತಿಯಾದದ್ದೇ ತಡ, ದೇವಾಲಯದ ಹಿಂದಿನ ದಾನದ ಕೋಣೆಯ ಬೀಗದ ಕೈ ಆಕೆಯ ಸೆರಗಿಗೆ ಬಂತು. ಕ್ರಿಸ್‌ಮಸ್ಸಿಗೆ ಮುಂಚೆ ಸಭೆಯವರು ಕೊಡುವ ಬಟ್ಟೆಬರೆಯನ್ನು ಆರಿಸಿ, ಕಟ್ಟಡ ಕೂಲಿಯವರ ಜೋಪಡಿಗಳಿಗೆ ಹಂಚುವುದು ಆಕೆಯ ಕೆಲಸ.

ಆ ಕೋಣೆಯಲ್ಲಿ ಕುಳಿತೇ ಆಕೆಗೆ ತನ್ನ ಸಭೆಯವರ ಮೇಲೆ ಹೇಸಿಗೆ ಹುಟ್ಟಿದ್ದು. ಜಿಪ್ಪು ಕಿತ್ತ ಪ್ಯಾಂಟು, ಬಗಲು ಹಳದಿಗಟ್ಟಿದ ಅಂಗಿ, ಒಂದೇ ಕಾಲಿನ ಚಪ್ಪಲಿ. ಕಸದ ಗಾಡಿಯವನು ಬೈದಾನೆಂಬ ವಸ್ತುವನ್ನೆಲ್ಲ ದೇವರ ಹೆಸರಿನಲ್ಲಿ ಇಲ್ಲಿ ಸುರಿದು, ಹೂವಿನಷ್ಟು ಹಗುರಾಗಿ ಆರಾಧನೆಗೆ ಹೋಗಿ ಕೂರುತ್ತಿದ್ದರು. ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಹಾಡುವವರನ್ನು ಕಂಡಾಗ ಆಕೆಗೆ ಅವರವರ ಹರಕು ಬನಿಯನ್ನೇ ನೆನಪಾಗುತ್ತಿತ್ತು.

ಇವರೆಲ್ಲರಲ್ಲಿ ಆಕೆ ಕಂಡರಾಗದವನೆಂದರೆ ಸಭಾಹಿರಿಯ ಮಧುಕರ. ಚಿಂಚವಾಡದಲ್ಲಿ ಅವನದೇ ವರ್ಕ್‌ಶಾಪು. ಕಳೆದ ಡಿಸೆಂಬರಿನಲ್ಲಿ ಒಂದು ಭಾನುವಾರ ಅವನು ವೇದಿಕೆಯ ಮೇಲೆ ನಿಂತು, ನಾವು ಯಾವುದಕ್ಕೂ ಒಡೆಯರಲ್ಲ, ಕರ್ತನ ಆಸ್ತಿ ನೋಡಿಕೊಳ್ಳುವ ಮನೆವಾರ್ತೆಯವರು ಮಾತ್ರ, ಅವನದನ್ನು ಅವನಿಗೇ ಒಪ್ಪಿಸಬೇಕು ಎಂದು ಅರ್ಧ ಗಂಟೆ ಉಪದೇಶಿಸಿದ. ಕೊನೆಗೆ ತಾನು ಒಂದು ಟೆಂಪೊ ತುಂಬ ರಗ್ಗು ಕೊಡುತ್ತಿರುವುದಾಗಿ ತಿಳಿಸಿದ. ಚಪ್ಪಾಳೆ ನಿಲ್ಲಲೇ ಇಲ್ಲ.

ಮರುದಿನ ಕರುಣಾಬಾಯಿ ಗಂಟು ಬಿಚ್ಚಿದಳು. ರಗ್ಗುಗಳು ವರ್ಕ್‌ಶಾಪಿನಲ್ಲಿ ಮಷಿನುಗಳಿಗೆ ಹೊದಿಸಿದಂಥವು. ಎಣ್ಣೆ ಕುಡಿದು ಕರ್ರಗಾಗಿ, ಅಲ್ಲಲ್ಲಿ ಇಲಿ ಕಡಿದಿದ್ದವು. ಆಕೆ ಎಲ್ಲಕ್ಕಿಂತ ಹೊಲಸಾದ ಒಂದನ್ನು ಮಡಚಿ ಚೀಲಕ್ಕೆ ತುರುಕಿ, ಚಿಂಚವಾಡದ ಬಸ್ಸು ಹತ್ತಿದಳು.

ಬಾಗಿಲು ತೆರೆದದ್ದು ಮಧುಕರನ ಹೆಂಡತಿ ನೀಲಿಮಾ. "ಏನ್ರಿ ಅತ್ತಿ, ಇಷ್ಟು ದೂರ?"

"ನಿಮ್ಮ ಮನಿಯವರು ಕರ್ತಗ ಕೊಟ್ಟಿದ್ದು. ಕರ್ತನ ಮನಿ ನನಗ ಸಿಗಲಿಲ್ಲ, ಅದಕ್ಕ ವಾಪಸ್ ತಂದೀನಿ," ಎಂದವಳೇ ಒಳಗೆ ನುಗ್ಗಿ, ಕೆನೆ ಬಣ್ಣದ ಸೋಫಾದ ಮೇಲೆ ಆ ರಗ್ಗನ್ನು ಹರವಿಬಿಟ್ಟಳು.

ಮಧುಕರ ಊಟ ಬಿಟ್ಟು ಎದ್ದು ಬಂದ. "ಚಳಿಯಾಗ ನಡಗೋರು ವಾಸನಿ ನೋಡ್ತಾರೇನ್ರಿ? ಇಷ್ಟಾದ್ರೂ ಯಾರು ಕೊಡ್ತಾರ?"

"ಹಂಗಾದ್ರ ಇವತ್ತೊಂದು ರಾತ್ರಿ ನೀವು ಹೊತ್ಕೊಂಡು ಮಲ್ಕೊಳ್ರಿ. ನಿಮಗ ನಿದ್ದಿ ಬಂದ್ರ ಅವರಿಗೂ ಬರ್ತದ. ನಾಳೆ ಬಂದು ಒಯ್ತೀನಿ."

ನೀಲಿಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವಾಸನೆಗೋ ನಗುವಿಗೋ ಕರುಣಾಬಾಯಿಗೆ ತಿಳಿಯಲಿಲ್ಲ.

ವಾರ ಮುಗಿಯುವುದರೊಳಗೆ ಪಾದ್ರಿಗಳು ಆಕೆಯನ್ನು ಕರೆಸಿದರು. ದೊಡ್ಡ ಕೈಯವರನ್ನು ನೋಯಿಸಬಾರದಿತ್ತು, ಕ್ಷಮೆ ಕೇಳಿಬಿಡಿ ಎಂದು ಮೆಲ್ಲಗೆ ಹೇಳಿದರು.

"ಕೈ ದೊಡ್ಡದಿರಬಹುದು ಅಯ್ಯನವರ, ಅದರಿಂದ ಬೀಳೋದು ಕಸ," ಎಂದು ಆಕೆ ಸೆರಗಿನ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟು ಬಂದಳು. ಆ ವರ್ಷದ ಹಂಚಿಕೆಯನ್ನು ಮಧುಕರನೇ ಮಾಡಿಸಿದ, ಫೋಟೊ ತೆಗೆಸಿಕೊಂಡ. ಅದೇ ಎಣ್ಣೆ ರಗ್ಗುಗಳು ಮರುದಿನ ಜೋಪಡಿಗಳ ಮುಂದೆ ಕಾಲೊರಸಾಗಿ ಬಿದ್ದಿದ್ದವು. ಕರುಣಾಬಾಯಿ ಅವನ್ನು ನೋಡಿದಳು, ಮತ್ತೆ ದೇವಾಲಯದ ಕಡೆ ನೋಡಿದಳು, ಉಗಿದಳು.

ಜನವರಿಯ ಒಂದು ಮಧ್ಯಾಹ್ನ ನೀಲಿಮಾ ಆಕೆಯ ಮನೆ ಹುಡುಕಿಕೊಂಡು ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಕವರು ಬಿಚ್ಚದ ದಪ್ಪ ರಗ್ಗು. "ನಮ್ಮಣ್ಣ ಕೊಟ್ಟಿದ್ದು. ಯಾರಿಗರೆ ಕೊಡ್ರಿ. ನಮ್ಮ ಮನಿಯವರಿಗೆ ಮಾತ್ರ ಹೇಳಬ್ಯಾಡ್ರಿ."

"ನಾ ಯಾಕ ಕೊಡ್ಲಿ? ನಿಮಗ ಕೈ ಇಲ್ಲೇನ್ರಿ?"

ಇಬ್ಬರೂ ಜೋಪಡಿಗಳ ಸಾಲಿಗೆ ನಡೆದರು. ಚರಂಡಿ ದಾಟುವಾಗ ನೀಲಿಮಾ ಮೂಗು ಮುಚ್ಚಿದ್ದನ್ನು ಕಂಡು ಕರುಣಾಬಾಯಿ ಒಳಗೊಳಗೇ ಹಲ್ಲು ಕಡಿದಳು. ಕಲ್ಲು ಹೊರುವ ಅವ್ವಮ್ಮ ಜ್ವರದಲ್ಲಿ ಮಲಗಿದ್ದಳು. ನೀಲಿಮಾ ಕವರು ಹರಿದು ರಗ್ಗನ್ನು ಆಕೆಗೆ ಹೊದಿಸಿದಳು. ಆಮೇಲೆ ನೆಲದ ಮೇಲೇ ಕುಳಿತು, ಯಾವ ಊರು, ಎಷ್ಟು ಮಕ್ಕಳು ಎಂದು ಕೇಳತೊಡಗಿದಳು. ಪಕ್ಕದ ಜೋಪಡಿಯಿಂದ ಬಂದ ಚಹಾವನ್ನು ಸೊಟ್ಟ ಮುಖ ಮಾಡದೆ ಕುಡಿದಳು. ಏನಾದರೂ ಕೊಂಕು ಸಿಗುತ್ತದೇನೋ ಎಂದು ಕರುಣಾಬಾಯಿ ಕಾದಳು. ಸಿಗಲಿಲ್ಲ. ಆಕೆಗೆ ಅದೂ ಒಂದು ಕಿರಿಕಿರಿಯಾಯಿತು.

ಮುಂದಿನ ವಾರ ನೀಲಿಮಾ ಮತ್ತೆ ಬಂದಳು, ಮಕ್ಕಳ ಸ್ವೆಟರುಗಳ ಚೀಲ ಹೊತ್ತು. ಕರುಣಾಬಾಯಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಒಂದಕ್ಕೆ ಗುಂಡಿ ಇರಲಿಲ್ಲ.

"ಇದಕ್ಕ ಗುಂಡಿ ಹಚ್ಕೊಂಡು ಬರ್ರಿ," ಎಂದು ತಿರುಗಿ ಕೊಟ್ಟಳು. "ಉಳಿದಿದ್ದು ನಡೀತದ."