ಬಚ್ಚಲಿಗೆ ಹೋದ ಫರಸಿ

ನನ್ನ ದೊಡ್ಡ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿಯ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಆಸೆಯೂ ಇಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಅಫಜಲಪುರದ ನಮ್ಮ ಮನೆಗೆ ಗ್ಯಾಸ್ ಬಂತು. ಕೂತು ಒಲೆ ಊದುತ್ತಿದ್ದ ನಾವಿಬ್ಬರೂ ಇನ್ನು ನಿಂತು ಅಡುಗೆ ಮಾಡಬೇಕು, ಅದಕ್ಕೊಂದು ಕಟ್ಟೆಯಾಗಬೇಕು ಎಂದರು ಮಾವ. ಸುದ್ದಿ ನಿಂಬರ್ಗಾದ ನನ್ನ ತವರಿಗೆ ಮುಟ್ಟಿದ್ದೇ ತಡ, ಅಪ್ಪ ತಾನೇ ಹೋಗಿ ಶಹಾಬಾದ್ ಫರಸಿ ಆರಿಸಿದ. ಒಂದೊಂದು ಕಲ್ಲನ್ನೂ ಬೆರಳ ಗಂಟಿನಿಂದ ಬಡಿದು, ಠಣ್ ಎಂದದ್ದನ್ನೇ ಹಿಡಿದ. ಸೀಳಿಲ್ಲದ ಒಂದೇ ಕಲ್ಲು. ಮಗಳು ಅದರ ಮೇಲೆ ರೊಟ್ಟಿ ಬಡಿಯಲಿ ಎಂದು ಗಾಡಿಯಲ್ಲಿ ಹುಲ್ಲು ಹಾಸಿ ತಂದ.

ನೆಗೆಣ್ಣಿ ಬಾಗಿಲಲ್ಲೇ ನಿಂತು ನೋಡಿದಳು. ಜೇವರ್ಗಿಯ ಅವಳ ಅಣ್ಣನ ಮನೆಯಲ್ಲಿ ಆಗಷ್ಟೇ ಮೊಸಾಯಿಕ್ ಕಟ್ಟೆ ಆಗಿತ್ತು. ಸಿಮೆಂಟಿನಲ್ಲಿ ಬಿಳಿ, ಕೆಂಪು ಕಲ್ಲಿನ ಚೂರು ಕಲಸಿ ಎರಕ ಹೊಯ್ದು ತಿಕ್ಕಿದ್ದು. ಇವಳಿಗೂ ಅದೇ ಬೇಕು.

"ಇದೇನ್ರಿ ಕಾಕಾ, ನಮ್ಮ ಕಡಿ ಇದನ್ನ ದನದ ಕೊಟಗ್ಯಾಗ ಹಾಸ್ತಾರ. ಬಚ್ಚಲಕ್ಕ ಛಲೋ ಆಗ್ತದ, ಅಲ್ಲೇ ಇಳಸ್ರಿ" ಎಂದಳು.

ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಅಪ್ಪ ನನ್ನ ಮುಖ ನೋಡಲಿಲ್ಲ. ಕಲ್ಲು ಇಳಿಸಿ, ಚಹಾ ಕುಡಿಯದೆ ಹೊರಟುಹೋದ. ನೆಗೆಣ್ಣಿಯ ಹಟವೇ ಗೆದ್ದು, ನಾಲ್ಕೇ ದಿನಕ್ಕೆ ಆ ಫರಸಿ ಬಚ್ಚಲಲ್ಲಿ ಕೂತಿತು. ದಿನಾ ಬೆಳಗ್ಗೆ ಅದರ ಮೇಲೆ ಕಾಲಿಡುವಾಗ ನನ್ನ ಎದೆ ಉರಿಯುತ್ತಿತ್ತು. ಇವಳಿಗೆ ಒಂದು ಗತಿ ಕಾಣಿಸದೆ ಬಿಡಬಾರದು ಎಂದುಕೊಂಡೆ.

ಅವಕಾಶ ಅವಳೇ ಕೊಟ್ಟಳು. ಗಾರೆ ಕೆಲಸದ ಗೌಂಡಿ ಅಡುಗೆಕಟ್ಟೆಗೆ ಮೊಸಾಯಿಕ್ ಹೊಯ್ದು, ಮೇಲೆ ಗೋಣಿಚೀಲ ಹೊದಿಸಿ, "ಹತ್ತು ದಿನ ಮುಂಜಾನೆ ಸಂಜೀಕ ನೀರು ಕುಡಸ್ರಿ, ಇಲ್ಲಾಂದ್ರ ಕಲ್ಲ ಬಿಡ್ತಾವ" ಎಂದು ಹೇಳಿಹೋದ. ಮರುದಿನವೇ ನೆಗೆಣ್ಣಿ ಬಸುರಿ ಅತ್ತಿಗೆಯ ಕುಬಸಕ್ಕೆಂದು ಜೇವರ್ಗಿಯ ಬಸ್ಸು ಹತ್ತಿದಳು. ನೀರಿನ ಕೆಲಸ ನನ್ನ ಪಾಲಿಗೆ ಬಂತು.

ನಾನು ಎರಡು ಹೊತ್ತೂ ತಪ್ಪದೆ ಕೊಡ ತುಂಬಿದೆ. ತುಂಬಿ ಹಿತ್ತಲಿನ ಕರಿಬೇವಿಗೆ ಹಾಕಿದೆ. ಹತ್ತು ದಿನ ಕಳೆದು ಅವಳು ಬರುವ ದಿನ ಮಾತ್ರ ಚೀಲದ ಮೇಲೆ ಒಂದಿಷ್ಟು ಚಿಮುಕಿಸಿದೆ. ತಿಕ್ಕಲು ಬಂದ ಗೌಂಡಿ ಕಟ್ಟೆಯ ಮೇಲೆ ಕೈಯಾಡಿಸಿ, "ನೀರು ಬರೋಬ್ಬರಿ ಹಾಕೀರಿ, ಅಕ್ಕಾರ?" ಎಂದು ಕೇಳಿದ. "ಹಾಕೇನ್ರಿ" ಎಂದೆ. ಕಣ್ಣೂ ಮಿಟುಕಿಸಲಿಲ್ಲ.

ಎರಡು ತಿಂಗಳೊಳಗೆ ರೊಟ್ಟಿ ಬಡಿದ ಜಾಗವೆಲ್ಲ ಚೂರು ಎದ್ದು ಗುಂಡಿ ಬಿತ್ತು. ಒಂದು ದಿನ ಅವಳ ಅಣ್ಣನೇ ಊಟಕ್ಕೆ ಕೂತಿದ್ದಾಗ ಹಲ್ಲಿಗೆ ಕಟ್ಟೆಯ ಕಲ್ಲು ಸಿಕ್ಕಿತು. ಆತ ತುತ್ತು ಉಗುಳಿ ತಂಗಿಯ ಮುಖ ನೋಡಿದ. ನಾನು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಅಷ್ಟು ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಮಾವ ಅಂದೇ, "ಬಚ್ಚಲದಾಗಿನ ಫರಸಿ ತೆಗದು, ತಿಕ್ಕಿ ತೊಳದು ಹಾಕ್ಸೂಣು" ಎಂದರು. ನನ್ನ ಜೀವ ಕುಣಿಯಿತು. ಅಪ್ಪನನ್ನು ಕರೆಸಿ, ಆ ಕಲ್ಲಿನ ಮೇಲೆ ಬಡಿದ ಬಿಸಿ ರೊಟ್ಟಿ ಅವನಿಗೆ ಬಡಿಸಬೇಕು ಎಂದು ಆಗಲೇ ಲೆಕ್ಕ ಹಾಕಿದ್ದೆ.

ನೆಗೆಣ್ಣಿ ತಲೆ ಎತ್ತದೆ, "ಕಾಲು ತೊಳದ ಕಲ್ಲಿನ ಮ್ಯಾಲ ರೊಟ್ಟಿ ಬಡೀಬೇಕೇನ್ರಿ ಮಾವಾರ? ಲಿಂಗಪೂಜಿ ಮಾಡೋ ಮನಿ ಇದು" ಎಂದಳು.

ಮಾವ ಆ ಮಾತಿಗೆ ಒಪ್ಪಿದರು. ಕಟ್ಟೆಗೆ ಕಡಪಾದ ಕರಿಕಲ್ಲು ಬಂತು. ಅಪ್ಪ ಆ ಮನೆಯಲ್ಲಿ ಒಂದು ರೊಟ್ಟಿಯನ್ನೂ ತಿನ್ನದೆ ತೀರಿಕೊಂಡ.

ಮುಂದೆ ಎಷ್ಟೋ ವರ್ಷ ನೆಗೆಣ್ಣಿ ಬಂದವರೆದುರೆಲ್ಲ ಆ ಗೌಂಡಿಯನ್ನು ಬೈಯುತ್ತಿದ್ದಳು. ನಮ್ಮ ಓಣಿಯಲ್ಲಿ ಅವನಿಗೆ ಮತ್ತೆ ಯಾರೂ ಕೆಲಸ ಹೇಳಲಿಲ್ಲ. ಅದೊಂದು ನನಗೆ ಚುಚ್ಚುತ್ತಿತ್ತು. ಕೊನೆಗೊಂದು ಮಧ್ಯಾಹ್ನ, ಇಬ್ಬರೇ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಾಗ, ಅವಳ ಮುಖ ಸುಟ್ಟುಹೋಗಲಿ ಎಂದೇ ಹೇಳಿದೆ:

"ಅಂವಂದೇನೂ ತಪ್ಪಿಲ್ಲಕ್ಕ. ನಾನೇ ನೀರು ಹಾಕಿರ್ಲಿಲ್ಲ."

ಅವಳು ಮೊರದಲ್ಲಿ ಬೇಳೆ ಕೇರುವುದನ್ನು ನಿಲ್ಲಿಸಲಿಲ್ಲ.

"ಗೊತ್ತದ. ಊರಿಂದ ಬಂದ ದಿನಾನೇ ಚೀಲ ಎತ್ತಿ ನೋಡಿದ್ದೆ. ಮ್ಯಾಲ ಹಸಿ, ಕೆಳಗ ಒಣ. ಇಲ್ಲಾಂದ್ರ ಲಿಂಗಪೂಜಿ ಮಾತು ತೆಗದು ನಿಮ್ಮಪ್ಪನ ಕಲ್ಲು ಬಚ್ಚಲದಾಗ ಯಾಕ ಉಳಸ್ತಿದ್ದೆ?"