ವಾರ್ಡನ್ನರ ಒಣಕೆಮ್ಮು

ಮೂಡುಬಿದಿರೆಯ ನಮ್ಮ ಹಾಸ್ಟೆಲಿನಲ್ಲಿ ವಾರ್ಡನ್ನರಿಗಿಂತ ಮೊದಲು ಅವರ ಕೆಮ್ಮು ಮಹಡಿ ಹತ್ತುತ್ತಿತ್ತು. ಅದು ಕೇಳಿದ್ದೇ ತಡ, ಇಸ್ಪೀಟೆಲೆಗಳು ಹಾಸಿಗೆಯಡಿ ಸೇರಿ ಪುಸ್ತಕಗಳು ತೆರೆದುಕೊಳ್ಳುತ್ತಿದ್ದವು. ಆ ಕೆಮ್ಮು ಅವರ ಬಿ.ಪಿ. ಮಾತ್ರೆಯ ಕೊಡುಗೆ.

"ಈ ಮಾತ್ರೆ ರಕ್ತನಾಳವನ್ನು ಸಡಿಲ ಮಾಡ್ತದೆ. ಪೈಪು ಅಗಲವಾದರೆ ನೀರಿನ ಜೋರು ಕಡಿಮೆಯಾಗ್ತದಲ್ಲ, ಹಾಗೆ. ಆದರೆ ಕೆಲವರಿಗೆ ಗಂಟಲು ಕೆರೆಯುವುದುಂಟು. ಎಂತ ಮಾಡುವುದು ಮಾರಾಯ್ರೆ!" ಎನ್ನುತ್ತಿದ್ದರು. ಯಾವ ಮಾತು ಶುರುವಾದರೂ ಅವರಲ್ಲಿ ಅದು ಮುಗಿಯುವುದು "ಎಂತ ಮಾಡುವುದು ಮಾರಾಯ್ರೆ" ಎಂದೇ. ಎಷ್ಟು ಕೆಮ್ಮಿದರೂ ತಾವಾಗಿ ಮಾತ್ರೆ ಬಿಟ್ಟವರಲ್ಲ, ಬಿಟ್ಟರೆ ಬಿ.ಪಿ. ಮತ್ತೆ ಏರುತ್ತದೆಂದು ಡಾಕ್ಟರು ಹೆದರಿಸಿದ್ದರು. ಅವರ ಈ ನಿಷ್ಠೆಗೆ ನಾವೆಲ್ಲ ಋಣಿಗಳಾಗಿದ್ದೆವು.

ಕಡೆಗೆ ಡಾಕ್ಟರೇ ಮಾತ್ರೆ ಬದಲಿಸಿದರು. ಕೆಮ್ಮು ನಿಂತಿತು, ನಮಗೆ ಯಾರೂ ಹೇಳಲಿಲ್ಲ. ಒಂದು ಸಂಜೆ ಓದುವ ಹೊತ್ತಿನಲ್ಲಿ ಅವರು ಸದ್ದಿಲ್ಲದೆ ಬಾಗಿಲಲ್ಲಿ ನಿಂತಿದ್ದರು. ನನ್ನ ಕೈತುಂಬ ಇಸ್ಪೀಟು. ನಮಗಿಂತ ಹೆಚ್ಚು ಗಾಬರಿಯಾದದ್ದು ಅವರಿಗೆ. ಕನ್ನಡಕ ತೆಗೆದು ಒರೆಸಿಕೊಂಡು ಹಾಗೆಯೇ ಹಿಂದಿರುಗಿದರು.

ಮರುದಿನ ಮೆಟ್ಟಿಲ ಬುಡದಲ್ಲಿ ಮತ್ತೆ ಕೆಮ್ಮು.

"ಪುನಃ ಹಳೆಯ ಮಾತ್ರೆಯಾ ಸಾರ್?" ಎಂದು ಕೇಳಿದೆ.

"ಅಲ್ಲ, ಹೊಸತೇ. ಮಾತ್ರೆ ನನಗೆ, ಕೆಮ್ಮು ನಿಮಗೆ. ಎಂತ ಮಾಡುವುದು ಮಾರಾಯ್ರೆ!"